ಅಂತರಜಾಲದ ಹೆಸರುಪಟ್ಟಿಗೆ ಒಡೆಯರಾರು?

ಹೋಟೆಲಿನ ಗಲ್ಲಾದ ಮುಂದೆ ಗಿರಾಕಿಯು ಮೊಬೈಲಿನಿಂದ ಹಣ ಸಲ್ಲಿಸುವಾಗಲೂ, ಗುಮಾಸ್ತನು ಊರಿನ ರೈಲಿಗೆ ಟಿಕೆಟು ಕಾದಿರಿಸುವಾಗಲೂ ನಮ್ಮ ಕಣ್ಣಿಗೆ ಬೀಳದ ಒಂದು ಕಾರ್ಯ ನಡೆದಿರುತ್ತದೆ. ಅಕ್ಷರಗಳಲ್ಲಿರುವ ಹೆಸರನ್ನು ಯಂತ್ರಗಳು ಅರಿಯುವ ಅಂಕೆಗಳ ವಿಳಾಸಕ್ಕೆ ಬದಲಿಸುವುದೇ ಆ ಕಾರ್ಯ. ಇದಕ್ಕೆಲ್ಲ ಮೂಲವಾದ ಹೆಸರುಪಟ್ಟಿ ಜಗತ್ತಿಗೆ ಒಂದೇ. ಅದು ಎರಡಾದರೆ ಒಂದೇ ವಿಳಾಸದ ಕಾಗದ ಎರಡು ಮನೆಗಳಿಗೆ ಹೋದೀತು. ಪಟ್ಟಿಯ ನಕಲುಗಳು ಮಾತ್ರ ಹಲವು ಕಡೆ ಉಂಟು. ನಮ್ಮ ಚೆನ್ನೈಯಲ್ಲಿಯೂ 2005ರಲ್ಲಿ ಅಂಥದೊಂದನ್ನು ಇರಿಸಲಾಯಿತು. ಪಟ್ಟಿ ಒಂದೇ ಆದುದರಿಂದಲೇ ಅದರ ಯಜಮಾನಿಕೆ ಯಾರದೆಂಬ ಪ್ರಶ್ನೆ ಹುಟ್ಟಿತು.

ಮೊದಲಿಗೆ ಈ ಹೊಣೆಯನ್ನು ಬಹುಮಟ್ಟಿಗೆ ಹೊತ್ತವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಜಾನ್ ಪೋಸ್ಟೆಲ್ ಎಂಬ ವಿದ್ವಾಂಸರು. ಅವರು ತೀರಿಕೊಂಡ 1998ರಲ್ಲಿಯೇ 'ಐಕ್ಯಾನ್' ಎಂಬ ಲಾಭರಹಿತ ಸಂಸ್ಥೆ ಸ್ಥಾಪಿತವಾಗಿ ಕೆಲಸ ಅದರ ಕೈಗೆ ಬಂದಿತು. ಆದರೆ ಅದು ಅಮೆರಿಕದ ವಾಣಿಜ್ಯ ಇಲಾಖೆಯ ಕರಾರಿಗೆ ಒಳಪಟ್ಟಿತ್ತು. ಮೂಲಪಟ್ಟಿಯಲ್ಲಿ ಯಾವ ಬದಲಾವಣೆಯಾಗಬೇಕಾದರೂ ಆ ಇಲಾಖೆಯ ಒಪ್ಪಿಗೆ ಬೇಕಿತ್ತು.

ಜಗತ್ತಿನ ಸೊತ್ತಿಗೆ ಒಂದೇ ಸರಕಾರದ ಮೇಲ್ವಿಚಾರಣೆ ಏಕೆಂದು ಹಲವು ದೇಶಗಳು ಕೇಳಿದವು. 2011ರಲ್ಲಿ ಭಾರತವು ಐವತ್ತು ಸರಕಾರಗಳ ಸಮಿತಿಯೊಂದನ್ನು ವಿಶ್ವಸಂಸ್ಥೆಯ ಮುಂದೆ ಸೂಚಿಸಿತು. 2013ರಲ್ಲಿ ಅಮೆರಿಕದ ಗೂಢ ನಿಗಾವಣೆಯ ಸಂಗತಿಗಳನ್ನು ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ಮೇಲೆ ಈ ಕೂಗು ಬಲವಾಯಿತು. 2014ರ ಮಾರ್ಚ್ 14ರಂದು ಅಮೆರಿಕವು ತನ್ನ ಹಿಡಿತವನ್ನು ಬಿಡಲು ಸಿದ್ಧವೆಂದು ಸಾರಿತು. ಆದರೆ ಆ ಸ್ಥಾನಕ್ಕೆ ಬೇರೊಂದು ಸರಕಾರವಾಗಲಿ, ಸರಕಾರಗಳ ಕೂಟವಾಗಲಿ ಬರಕೂಡದೆಂಬ ನಿಬಂಧನೆ ಹಾಕಿತು. ಅಮೆರಿಕದೊಳಗೆ ವಿರೋಧವೂ ಇಲ್ಲದಿರಲಿಲ್ಲ. ನಾಲ್ಕು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಟೆಕ್ಸಾಸಿನ ನ್ಯಾಯಾಧೀಶರು ತಡೆ ನೀಡಲೊಪ್ಪಲಿಲ್ಲ. 2016ರ ಸೆಪ್ಟೆಂಬರ್ 30ರ ನಡುರಾತ್ರಿ ಕರಾರು ಮುಗಿಯಿತು.

ಹಾಗಾದರೆ ಅಧಿಕಾರ ಯಾರಿಗೆ ಬಂದಿತು? ಎಂಜಿನಿಯರರು, ವ್ಯಾಪಾರಿಗಳು, ಸಾಮಾನ್ಯ ಬಳಕೆದಾರರು, ಸರಕಾರಗಳು ಎಲ್ಲರೂ ಕೂಡಿದ ಸಮುದಾಯಕ್ಕೆ. ಐಕ್ಯಾನಿನ ಆಯವ್ಯಯವನ್ನು ತಿರಸ್ಕರಿಸುವ, ನಿರ್ದೇಶಕರನ್ನು ತೆಗೆದುಹಾಕುವ ಹಕ್ಕು ಈ ಸಮುದಾಯಕ್ಕಿದೆ. ಧಣಿ ಬಿಟ್ಟುಹೋದ ಹೋಟೆಲನ್ನು ಅಡುಗೆಯವರು, ಮಾಣಿಗಳು, ಗಿರಾಕಿಗಳು ಕೂಡಿ ನಡೆಸಿದಂತೆ ಎನ್ನಬಹುದು. ಕಟ್ಟಡ ಮಾತ್ರ ಹಳೆಯ ಬೀದಿಯಲ್ಲಿಯೇ ಇದೆ: ಸಂಸ್ಥೆಯು ಇಂದಿಗೂ ಕ್ಯಾಲಿಫೋರ್ನಿಯಾದ ಕಾನೂನಿಗೆ ಒಳಪಟ್ಟದ್ದು. ಭಾರತವೂ ತನ್ನ ನಿಲುವನ್ನು ಬದಲಿಸಿತು. 2015ರ ಜೂನಿನಲ್ಲಿ ಸಚಿವ ರವಿಶಂಕರ ಪ್ರಸಾದರು ಸರ್ವಭಾಗಿತ್ವದ ಪದ್ಧತಿಗೆ ಬೆಂಬಲ ಘೋಷಿಸಿದರು. ಕರಾರು ಮುಗಿದ ಮರುತಿಂಗಳ ನಂತರ, ನವೆಂಬರಿನಲ್ಲಿ, ಐಕ್ಯಾನಿನ ಸಭೆ ಹೈದರಾಬಾದಿನಲ್ಲಿಯೇ ಸೇರಿತು.

ಇದರಿಂದ ಕನ್ನಡಿಗನಿಗೇನು ಎಂದು ಕೇಳುವವರುಂಟು. ಭಾರತೀಯ ಲಿಪಿಗಳಲ್ಲಿ ದೇಶದ ಹೆಸರು ಪಡೆಯಲು 2011ರಲ್ಲಿ ಏಳು ಭಾಷೆಗಳು ಮೊದಲಾದವು. ತಮಿಳು, ತೆಲುಗು ಅವುಗಳಲ್ಲಿದ್ದವು, ಕನ್ನಡವಿರಲಿಲ್ಲ. ನಮ್ಮ 'ಭಾರತ' ಬಂದದ್ದು ಅನಂತರದ ಸಾಲಿನಲ್ಲಿ. ಇನ್ನೊಂದು ತೊಡಕೂ ಇತ್ತು. ಕನ್ನಡ ಮತ್ತು ತೆಲುಗಿನ ಎಷ್ಟೋ ಅಕ್ಷರಗಳು ಅವಳಿಗಳಂತಿವೆ. ಇದನ್ನು ಬಳಸಿ ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಅಂಗಡಿ ತೆರೆದು ವಂಚಿಸಬಹುದು. ಈ ದೇಶದ ಒಂಬತ್ತು ಲಿಪಿಗಳ ತಜ್ಞರು ಕೂಡಿ ಕುಳಿತು, ಅಂಥ ಹೆಸರುಗಳು ಬೇರೆ ಬೇರೆ ಒಡೆಯರ ಪಾಲಾಗದಂತೆ ನಿಯಮಗಳನ್ನು ರಚಿಸಿದರು. 2019ರಲ್ಲಿ ಕನ್ನಡದ ನಿಯಮಗಳು ಮೂಲಪಟ್ಟಿಯ ನಿಯಮಾವಳಿಗೆ ಸೇರಿದವು. ನಮ್ಮ ಲಿಪಿಯನ್ನು ಬಲ್ಲವರು ಆ ಸಭೆಯಲ್ಲಿ ಇಲ್ಲದಿದ್ದರೆ ಈ ಸೂಕ್ಷ್ಮವನ್ನು ಅಮೆರಿಕದ ಅಧಿಕಾರಿಗಳು ಹೇಗೆ ಅರಿತಾರು?

ಐಕ್ಯಾನಿನ ಕರಡುಗಳ ಮೇಲೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಸಭೆಗಳಿಗೆ ಪ್ರವೇಶಶುಲ್ಕವಿಲ್ಲ, ಮನೆಯಿಂದಲೇ ಕೇಳಲೂಬಹುದು. ಆದರೆ ಅಲ್ಲಿ ನಡೆಯುವ ಭಾಷೆ ಹೆಚ್ಚಾಗಿ ಇಂಗ್ಲಿಷು. ಹಗಲೆಲ್ಲ ದುಡಿಯುವವನಿಗೆ ನೂರಾರು ಪುಟಗಳನ್ನೋದುವ ಬಿಡುವೂ ಇಲ್ಲ. ಆದುದರಿಂದ ಬಿಡುವೂ ವಿದ್ಯೆಯೂ ಉಳ್ಳ ನಮ್ಮ ತರುಣರು, ನಮ್ಮ ಕನ್ನಡ ಸಂಘಗಳು ಈ ಹೊಣೆಯನ್ನು ಹೊರಬೇಕು. ಎಲ್ಲರಿಗೂ ಸೇರಿದ ಸೊತ್ತನ್ನು ಬಂದು ಕುಳಿತವರೇ ಆಳುವುದು ಲೋಕರೂಢಿ.