ಕೆರಿಬಿಯನ್ ಕಡಲಿಗೆ ಹೊರಟಿರಾ? ಬ್ಯಾಗ್ ಕಾಯಬೇಡಿ, ಮಕ್ಕಳನ್ನು ಕಾಯಿರಿ!

ವೆಸ್ಟ್ ಇಂಡೀಸ್ ಅಂದರೆ ನಮ್ಮ ಮನೆಗಳಲ್ಲಿ ಇಷ್ಟು ದಿನ ಕ್ರಿಕೆಟ್ ಮಾತ್ರ. ಈಗ ಹಾಗಿಲ್ಲ. ಮಗ-ಸೊಸೆಯೋ ಮಗಳು-ಅಳಿಯನೋ ಅಮೆರಿಕದಲ್ಲಿದ್ದರೆ, ಅವರನ್ನು ನೋಡಲು ಹೋದ ಅಪ್ಪ-ಅಮ್ಮನನ್ನು ರಜೆಯಲ್ಲಿ ಜಮೈಕಾ, ಬಾರ್ಬಡೋಸ್, ಅರುಬಾ, ಪಕ್ಕದ ಬಹಾಮಾಸ್ ಅಂತ ಸುತ್ತಿಸಿಕೊಂಡು ಬರುವುದು ಸಾಮಾನ್ಯವಾಗಿದೆ. ‘ಅಮ್ಮಾ, ನೀನು ಏನೂ ಯೋಚನೆ ಮಾಡ್ಬೇಡ, ಎಲ್ಲಾ ಬುಕ್ ಆಗಿದೆ’ ಅನ್ನುತ್ತಾರೆ ಮಕ್ಕಳು. ನೀವೂ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೊರಡುತ್ತೀರಿ.

ಹೋಗಿ, ಖಂಡಿತಾ ಹೋಗಿ. ಹಾಲಿನಂಥ ಮರಳು, ತಿಳಿನೀಲಿ ನೀರು, ತೆಂಗಿನ ಮರ... ನೋಡಲು ಎರಡು ಕಣ್ಣು ಸಾಲದು. ಆದರೆ ಅಲ್ಲಿ ಕಳ್ಳರಿದ್ದಾರೆ ಅಂತ ಪರ್ಸ್ ಬಿಗಿಯಾಗಿ ಹಿಡಿದುಕೊಳ್ಳುವ ನಾವು, ನಿಜವಾದ ಅಪಾಯ ಕಣ್ಣೆದುರಿಗಿನ ನೀರಿನಲ್ಲೇ ಇದೆ ಅನ್ನುವುದನ್ನು ಮರೆತುಬಿಡುತ್ತೇವೆ.

ಶಾಂತವಾದ ನೀರೇ ಮೋಸ

ದಡದಲ್ಲಿ ನಿಂತು ನೋಡಿ. ಎರಡೂ ಕಡೆ ಅಲೆಗಳು ನೊರೆಯೆಬ್ಬಿಸಿ ಒಡೆಯುತ್ತಿವೆ. ನಡುವೆ ಒಂದಿಷ್ಟು ಜಾಗದಲ್ಲಿ ಮಾತ್ರ ಅಲೆ ಕಡಿಮೆ, ನೀರು ಸಮತಟ್ಟು. ‘ಮಗೂನ ಇಲ್ಲೇ ಇಳಿಸೋಣ, ಅಲೆ ಇಲ್ಲ’ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಎಷ್ಟೋ ಸಲ ಅದೇ ಅಪಾಯದ ಜಾಗ! ದಡಕ್ಕೆ ನುಗ್ಗಿ ಬಂದ ನೀರು ಮತ್ತೆ ಕಡಲಿಗೆ ವಾಪಸ್ ಹೋಗಲು ಮಾಡಿಕೊಳ್ಳುವ ದಾರಿ ಅದು. ಇದಕ್ಕೆ ‘ರಿಪ್ ಕರೆಂಟ್’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಸೆಳವು. ಈ ಸೆಳವು ಜೋರಾದಾಗ ಸೆಕೆಂಡಿಗೆ 8 ಅಡಿಯವರೆಗೂ ವೇಗ ಪಡೆಯಬಲ್ಲದು. ಒಲಿಂಪಿಕ್ಸ್ ಈಜುಗಾರರೂ ಇದಕ್ಕೆ ಎದುರಾಗಿ ಈಜಿ ಗೆಲ್ಲಲಾರರು.

ಸಿಕ್ಕಿಕೊಂಡರೆ ಏನು ಮಾಡುವುದು? ಮೊದಲು ಒಂದು ವಿಷಯ ತಿಳಿದಿರಲಿ. ಸೆಳವು ನಿಮ್ಮನ್ನು ನೀರಿನ ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಗಾಬರಿಯಿಂದ ದಡದ ಕಡೆಗೇ ಕೈಕಾಲು ಬಡಿದು ಸುಸ್ತಾದವರೇ ಮುಳುಗುವುದು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಿ. ಸೆಳವಿನ ಪಟ್ಟೆ ಅಗಲ ಕಡಿಮೆ; ದಾಟಿದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಈಜು ಬಾರದಿದ್ದರೆ ಮುಖ ಮೇಲೆ ಮಾಡಿ ತೇಲಲು ನೋಡಿ, ಕೈ ಎತ್ತಿ ಬೀಸಿ, ಕೂಗಿ.

ಇನ್ನೊಂದು ಮಾತು. ಒಬ್ಬರು ಮುಳುಗುತ್ತಿದ್ದಾರೆ ಅಂತ ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹಾರಿ ಇಡೀ ಕುಟುಂಬ ಕಳೆದುಕೊಂಡ ಸುದ್ದಿಗಳನ್ನು ನಾವು ಓದಿದ್ದೇವೆ. ನೀವು ಹಾರಬೇಡಿ. ಲೈಫ್‌ಗಾರ್ಡ್‌ನನ್ನು ಕೂಗಿ ಕರೆಯಿರಿ. ಲೈಫ್ ಜಾಕೆಟ್, ದೊಡ್ಡ ಚೆಂಡು, ಐಸ್ ಬಾಕ್ಸ್, ತೇಲುವಂಥದ್ದು ಏನು ಸಿಕ್ಕಿದರೂ ಅವರತ್ತ ಎಸೆಯಿರಿ. ಕಣ್ಣು ಮಾತ್ರ ಅವರ ಮೇಲಿಂದ ತೆಗೆಯಬೇಡಿ.

ಒಂದೇ ದ್ವೀಪ, ಎರಡು ಕಡಲು

ಬಾರ್ಬಡೋಸ್‌ನ ಉದಾಹರಣೆ ತೆಗೆದುಕೊಳ್ಳಿ. ಪಶ್ಚಿಮ ದಡ ಸಾಮಾನ್ಯವಾಗಿ ಶಾಂತ. ಪೂರ್ವದಲ್ಲಿರುವ ಬಾತ್‌ಶೀಬಾ ಅಟ್ಲಾಂಟಿಕ್ ಸಾಗರಕ್ಕೆ ಎದುರಾಗಿದೆ. ಪೂರ್ವದಿಂದ ಸದಾ ಬೀಸುವ ಗಾಳಿಗೆ ಅಲ್ಲಿ ಭಾರೀ ಅಲೆ, ಬಲವಾದ ಸೆಳವು. ಸರ್ಫಿಂಗ್ ಮಾಡುವವರಿಗೆ ಅದು ಸ್ವರ್ಗ, ನಮ್ಮಂಥವರಿಗೆ ದಡದಲ್ಲಿ ನಿಂತು ಫೋಟೊ ತೆಗೆಯುವ ಜಾಗ ಅಷ್ಟೆ. ಹಾಗಾಗಿ ‘ನಿನ್ನೆ ಆ ಬೀಚ್‌ನಲ್ಲಿ ಏನೂ ಆಗಲಿಲ್ಲ, ಇಲ್ಲೂ ಏನಾಗಲ್ಲ’ ಅನ್ನುವ ಲೆಕ್ಕ ಬೇಡ. ಪ್ರತಿ ಬೀಚ್‌ನಲ್ಲೂ ನೀರಿಗಿಳಿಯುವ ಮುಂಚೆ ಹೋಟೆಲ್‌ನವರನ್ನೋ ಸ್ಥಳೀಯರನ್ನೋ ಕೇಳಿ.

ದೊಡ್ಡ ರೆಸಾರ್ಟ್‌ಗಳ ಬೀಚ್‌ನಲ್ಲಿ ಬಾವುಟ ಹಾಕಿರುತ್ತಾರೆ. ಹಸಿರು ಅಂದರೆ ಕಡಲು ಶಾಂತ, ಹಳದಿ ಅಂದರೆ ಎಚ್ಚರಿಕೆ, ಕೆಂಪು ಅಂದರೆ ತೀವ್ರ ಅಪಾಯ, ಎರಡು ಕೆಂಪು ಬಾವುಟ ಅಂದರೆ ನೀರಿಗೆ ಇಳಿಯುವಂತೆಯೇ ಇಲ್ಲ. ನೇರಳೆ ಬಾವುಟ ಇದ್ದರೆ ಜೆಲ್ಲಿ ಮೀನಿನಂಥ ಚುಚ್ಚುವ ಜೀವಿಗಳು ಬಂದಿವೆ ಎಂದರ್ಥ. ಆದರೆ ಎಷ್ಟೋ ಬೀಚ್‌ಗಳಲ್ಲಿ ಬಾವುಟವೂ ಇರುವುದಿಲ್ಲ, ಲೈಫ್‌ಗಾರ್ಡೂ ಇರುವುದಿಲ್ಲ. ಅಂಥ ಕಡೆ ಪಾದ ನೆನೆಸಿಕೊಂಡರೆ ಸಾಕು. ಕತ್ತಲಾದ ಮೇಲೆ, ಕುಡಿದ ಮೇಲೆ ಯಾರೂ ನೀರಿಗೆ ಇಳಿಯುವುದು ಬೇಡವೇ ಬೇಡ.

ಮಗು ಕೂಗುವುದಿಲ್ಲ

ಬೀಚ್‌ಗೆ ಹೋದಾಗ ನಮ್ಮ ಪಾಲಿಗೆ ಬರುವ ಕೆಲಸ ಯಾವುದು ಹೇಳಿ? ಚಪ್ಪಲಿ, ಟವೆಲ್, ಮೊಬೈಲ್, ಎಲ್ಲರ ಬ್ಯಾಗ್ ಕಾಯುವುದು! ‘ಮಕ್ಕಳನ್ನು ಅವರಪ್ಪ ನೋಡ್ತಿದ್ದಾನೆ’ ಅಂತ ನೀವು, ‘ಅಮ್ಮ ನೋಡ್ತಿದ್ದಾರೆ’ ಅಂತ ಅವನು. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಮುಳುಗುವ ಮಗು ‘ಕಾಪಾಡಿ’ ಅಂತ ಕೂಗುವುದಿಲ್ಲ. ಉಸಿರಿಗೇ ಕಷ್ಟವಾದಾಗ ಕೂಗುವುದು ಎಲ್ಲಿಂದ ಬಂತು? ಸದ್ದಿಲ್ಲದೆ, ನಾಲ್ಕು ಮಾರು ದೂರದಲ್ಲೇ ಎಲ್ಲ ಮುಗಿದುಹೋಗುತ್ತದೆ.

ಇದು ಹೆದರಿಸಲು ಹೇಳುತ್ತಿರುವ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ನಮ್ಮದೇ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದದ್ದು ನೆನಪಿರಬಹುದು. ಕಡಲಿಗೆ ಊರು, ದೇಶ ಅಂತ ಭೇದವಿಲ್ಲ.

ಆದ್ದರಿಂದ ಪಾಳಿ ಹಾಕಿ. ಅರ್ಧ ಗಂಟೆ ನೀವು, ಅರ್ಧ ಗಂಟೆ ಸೊಸೆ, ಅರ್ಧ ಗಂಟೆ ಮಗ. ಪಾಳಿಯಲ್ಲಿರುವವರ ಕೈಯಲ್ಲಿ ಮೊಬೈಲ್ ಇರಬಾರದು, ಹರಟೆಯೂ ಬೇಡ. ಪುಟ್ಟ ಮಕ್ಕಳು ಕೈಗೆಟುಕುವಷ್ಟು ಹತ್ತಿರ ಇರಲಿ. ಗಾಳಿ ತುಂಬಿದ ಟ್ಯೂಬ್, ಬಾತುಕೋಳಿ ಇವೆಲ್ಲ ಆಟಿಕೆಗಳು. ಗಾಳಿಗೆ ಕ್ಷಣದಲ್ಲಿ ಒಳಕ್ಕೆ ತೇಲಿಹೋಗುತ್ತವೆ. ಅಳತೆಗೆ ಸರಿಯಾದ ಲೈಫ್ ಜಾಕೆಟ್ಟೇ ಆಗಬೇಕು. ಬ್ಯಾಗ್? ಹೋದರೆ ಹೋಗಲಿ ಬಿಡಿ.

ಸೀರೆ, ದುಪಟ್ಟಾ, ಬಂಗಾರ

ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಅಲೆಗೆ ಕಾಲೊಡ್ಡುವುದು ನಮಗೆಲ್ಲ ಇಷ್ಟವೇ. ಆದರೆ ನೆನೆದ ಸೀರೆ, ಉದ್ದದ ದುಪಟ್ಟಾ ಕಾಲಿಗೆ ಸುತ್ತಿಕೊಂಡರೆ ಮೊಣಕಾಲು ನೀರಿನಲ್ಲೂ ಏಳಲಾಗುವುದಿಲ್ಲ. ಸ್ವಿಮ್ ಸೂಟ್ ಮುಜುಗರ ಅನಿಸಿದರೆ ತೊಂದರೆಯಿಲ್ಲ. ಪೂರ್ತಿ ತೋಳು, ಉದ್ದ ಪ್ಯಾಂಟ್ ಇರುವ ಈಜುಡುಗೆ ಸಿಗುತ್ತದೆ, ಬಿಸಿಲಿಗೂ ಒಳ್ಳೆಯದು. ಮಾಂಗಲ್ಯದ ಸರ, ಬಳೆ ಹೋಟೆಲ್ ರೂಮಿನ ಲಾಕರ್‌ನಲ್ಲಿರಲಿ. ಬರಾಕುಡಾ ಎಂಬ ಚೂಪು ಹಲ್ಲಿನ ಮೀನು ಥಳಥಳ ಹೊಳೆಯುವ ವಸ್ತುವನ್ನು ಸಣ್ಣ ಮೀನು ಅಂದುಕೊಂಡು ಮೇಲೆ ಬೀಳುವುದುಂಟು.

ಮಕ್ಕಳಿಗೆ ಮಿಲಿಟರಿ ಡಿಸೈನ್‌ನ ಬಟ್ಟೆ ಪ್ಯಾಕ್ ಮಾಡಬೇಡಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಮುಂತಾದ ಕಡೆ ಸೈನಿಕರಲ್ಲದವರು ಅದನ್ನು ತೊಡುವುದು ಕಾನೂನುಬಾಹಿರ!

ಆ ಪುಟ್ಟ ಸೇಬು ಮುಟ್ಟಬೇಡಿ

ಕೆರಿಬಿಯನ್ ದಡಗಳಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ. ಹಣ್ಣು ಥೇಟ್ ಪುಟ್ಟ ಹಸಿರು ಸೇಬು, ವಾಸನೆಯೂ ಸಿಹಿ. ಟೊಬಾಗೊ ಬೀಚ್‌ನಲ್ಲಿ ಇದನ್ನು ಒಂದು ಕಚ್ಚು ತಿಂದ ಬ್ರಿಟನ್ನಿನ ವೈದ್ಯೆಯೊಬ್ಬರು 2000ನೇ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ಅನುಭವ ಬರೆದಿದ್ದಾರೆ. ಮೊದಲು ಸಿಹಿ, ಆಮೇಲೆ ಮೆಣಸಿನ ಉರಿ, ಗಂಟಲು ಬಿಗಿದು ನುಂಗಲೂ ಆಗದ ಸ್ಥಿತಿ. ಗಂಟೆಗಟ್ಟಲೆ ನರಳಾಟ!

ಮಾವಿನಕಾಯಿಯ ಸೊನೆ ತಾಗಿದರೆ ನಮ್ಮ ಚರ್ಮ ಸುಡುತ್ತದಲ್ಲ, ಇದರ ಹಾಲಿನಂಥ ಸೊನೆ ಅದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ಮಳೆ ಬಂತೆಂದು ಮರದ ಕೆಳಗೆ ನಿಂತರೂ ಎಲೆಯಿಂದ ಇಳಿಯುವ ನೀರಿಗೆ ಮೈಮೇಲೆ ಬೊಬ್ಬೆ ಏಳುತ್ತದೆ. ಕೆಲವೆಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದೋ ಬೋರ್ಡ್ ಹಾಕಿಯೋ ಎಚ್ಚರಿಸಿರುತ್ತಾರೆ. ಗುರುತಿಲ್ಲದ ಮರದ ನೆರಳೂ ಬೇಡ, ಬಿದ್ದ ಹಣ್ಣೂ ಬೇಡ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಬಿಸಿಲು, ಸೊಳ್ಳೆ, ಊಟ

‘ನಮ್ಮದು ಬಿಸಿಲಿನ ದೇಶ, ನಮಗೇನಾಗುತ್ತೆ?’ ಅನ್ನಬೇಡಿ. ನೀರು, ಬಿಳಿ ಮರಳು ಎರಡೂ ಬಿಸಿಲನ್ನು ಮುಖಕ್ಕೆ ಎರಚುತ್ತವೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಕೂಡಲೇ ಇನ್ನೊಮ್ಮೆ ಹಚ್ಚಿ. ಕೊಳ್ಳುವಾಗ ಲೇಬಲ್ ಓದಿ. ಹವಳದ ದಿಬ್ಬಗಳಿಗೆ ಹಾನಿ ಎಂದು ಆಕ್ಸಿಬೆನ್ಜೋನ್ ಇರುವ ಸನ್‌ಸ್ಕ್ರೀನನ್ನು ಅರುಬಾ, ಅಮೆರಿಕದ ವರ್ಜಿನ್ ಐಲ್ಯಾಂಡ್ಸ್‌ಗಳಲ್ಲಿ 2020ರಿಂದ ನಿಷೇಧಿಸಲಾಗಿದೆ.

ಡೆಂಗಿ ಹರಡುವ ಹಗಲು ಸೊಳ್ಳೆ ಅಲ್ಲೂ ಇದೆ. ಸೊಳ್ಳೆ ಕ್ರೀಮ್ ಇಟ್ಟುಕೊಳ್ಳಿ. ಸೊಸೆಯೋ ಮಗಳೋ ಬಸುರಿಯಾಗಿದ್ದರೆ, ಇದೇ ಸೊಳ್ಳೆಯಿಂದ ಬರುವ ಜೀಕಾ ಜ್ವರ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿಯಾದ್ದರಿಂದ, ವೈದ್ಯರನ್ನು ಕೇಳದೆ ಹೊರಡುವುದು ಬೇಡ.

ಮೀನು ತಿನ್ನುವವರೇ, ಬರಾಕುಡಾ, ದೊಡ್ಡ ಗ್ರೂಪರ್‌ಗಳಿಂದ ದೂರವಿರಿ. ಹವಳದ ದಿಬ್ಬದ ಇಂಥ ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವ ಸಿಗುವಟೆರಾ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಸಸ್ಯಾಹಾರಿಗಳಿಗೂ ಒಂದು ಕಿವಿಮಾತು: ಕೆಂಪಗೆ ಹಣ್ಣಿನ ರಸದಂತೆ ಕಾಣುವ ಪಂಚ್‌ನಲ್ಲಿ, ಕೊನೆಗೆ ಕೇಕ್‌ನಲ್ಲೂ ರಮ್ ಇರಬಹುದು. ಕೇಳಿಯೇ ಕುಡಿಯಿರಿ, ಮಕ್ಕಳಿಗೆ ಕೊಡುವ ಮುಂಚಂತೂ ಎರಡು ಸಲ ಕೇಳಿ.

ಯಾವ ತಿಂಗಳು ಒಳ್ಳೆಯದು?

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪ್ಯಾಕೇಜ್ ಅಗ್ಗವಾಗಿ ಸಿಗುತ್ತದೆ. ಕಾರಣ ಇದೆ. ಜೂನ್ 1ರಿಂದ ನವೆಂಬರ್ 30 ಅಲ್ಲಿ ಚಂಡಮಾರುತದ ಕಾಲ, ಸೆಪ್ಟೆಂಬರ್‌ನಲ್ಲಿ ಅದು ತುತ್ತತುದಿ. 2025ರ ಅಕ್ಟೋಬರ್ 28ರಂದು ‘ಮೆಲಿಸ್ಸಾ’ ಚಂಡಮಾರುತ ಜಮೈಕಾವನ್ನು ಜರ್ಜರಿತಗೊಳಿಸಿತು. ಡಿಸೆಂಬರ್‌ನಿಂದ ಏಪ್ರಿಲ್ ಹೆಚ್ಚು ಸುರಕ್ಷಿತ. ರಜೆ ಬೇಸಿಗೆಯಲ್ಲೇ ಸಿಗುವುದಾದರೆ ಚಂಡಮಾರುತದ ದಾರಿಯಿಂದ ದಕ್ಷಿಣಕ್ಕಿರುವ ಅರುಬಾ, ಕುರಸಾವ್ ನೋಡಬಹುದು.

ಹೊರಡುವ ಮುನ್ನ

* ಅಮೆರಿಕಕ್ಕೆ ಮರಳಲೂ ವೀಸಾ ಬೇಕು. ನಿಮ್ಮದು ಮಲ್ಟಿಪಲ್ ಎಂಟ್ರಿಯೇ, ಎಚ್-1ಬಿಯಲ್ಲಿರುವ ಮಕ್ಕಳ ಪಾಸ್‌ಪೋರ್ಟ್‌ನಲ್ಲಿನ ಸ್ಟ್ಯಾಂಪ್ ಚಾಲ್ತಿಯಲ್ಲಿದೆಯೇ ನೋಡಿ.

* ಅಮೆರಿಕಕ್ಕೆಂದು ಮಾಡಿಸಿದ ವಿಮೆ ಕೆರಿಬಿಯನ್‌ನಲ್ಲಿ ನಡೆಯುತ್ತದೆಯೇ ಕೇಳಿಕೊಳ್ಳಿ.

* ಬಿಪಿ, ಶುಗರ್ ಮಾತ್ರೆಗಳು, ವೈದ್ಯರ ಚೀಟಿ ಕೈಚೀಲದಲ್ಲಿರಲಿ.

* ತುರ್ತು ನಂಬರ್ ಬರೆದಿಟ್ಟುಕೊಳ್ಳಿ. ಜಮೈಕಾ: ಪೊಲೀಸ್ 119, ಆಂಬುಲೆನ್ಸ್ 110. ಬಾರ್ಬಡೋಸ್: ಪೊಲೀಸ್ 211, ಆಂಬುಲೆನ್ಸ್ 511.

* ದಡಕ್ಕೆ ಬಂದುಬಿದ್ದ ನೀಲಿ ಗುಳ್ಳೆಯಂಥ ಜೀವಿಯನ್ನು ಮುಟ್ಟಬೇಡಿ. ಸತ್ತಿದ್ದರೂ ಅದು ಚುಚ್ಚುತ್ತದೆ.

ಮನೆಯಲ್ಲಿ ಹಾಲು ಉಕ್ಕದಂತೆ, ಗ್ಯಾಸ್ ಮರೆಯದಂತೆ ನೋಡಿಕೊಳ್ಳುವ ಕಣ್ಣು ನಿಮ್ಮದು. ಅದೇ ಕಣ್ಣು ಕಡಲ ದಡದಲ್ಲೂ ತೆರೆದಿರಲಿ. ‘ಇವತ್ತು ನೀರಿಗೆ ಬೇಡ’ ಅಂತ ನಿಮಗೆ ಅನಿಸಿದರೆ ಗಟ್ಟಿಯಾಗಿ ಹೇಳಿ, ಸಂಕೋಚ ಬೇಡ. ಮಕ್ಕಳು ಗೊಣಗಿದರೆ ಗೊಣಗಲಿ, ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಅಷ್ಟೇ ಸಾಕಲ್ಲವೇ?