ಕಂಪ್ಯೂಟರ್ ಸೌಂಡ್ ಸರಿ ಇಲ್ವಾ? ಬೋರ್ಡ್ ಬದಲಿಸೋ ಮುಂಚೆ ಇದನ್ನ ನೋಡಿ

ಡಿಟಿಪಿ ಅಂಗಡಿಯವರು, ಫೋಟೋ ಸ್ಟುಡಿಯೋದವರು, ಜಾತ್ರೆ-ಎಲೆಕ್ಷನ್ ಬಂದ್ರೆ ಆಟೋ ಪ್ರಚಾರಕ್ಕೆ ಧ್ವನಿ ರೆಕಾರ್ಡ್ ಮಾಡಿಕೊಡುವವರು, ಮನೆಯಲ್ಲಿ ಆನ್‌ಲೈನ್ ಕ್ಲಾಸ್ ಕೇಳುವ ಮಕ್ಕಳು, ಎಲ್ಲರದ್ದೂ ಒಂದೇ ದೂರು. ಸ್ಪೀಕರ್ ಗುಂಯ್ ಅನ್ನುತ್ತೆ, ಮೈಕ್‌ನಲ್ಲಿ ಸುಯ್ ಅಂತ ಸದ್ದು ಬರುತ್ತೆ. ರಿಪೇರಿಗೆ ಕೊಟ್ರೆ ಕೆಲವು ಕಡೆ ‘ಬೋರ್ಡ್ ಹೋಗಿದೆ’ ಅನ್ನೋ ಉತ್ತರ ಸಿಗುತ್ತೆ. ಬೋರ್ಡ್ ಅಂದ್ರೆ ಸಾವಿರಾರು ರೂಪಾಯಿ. ಬಹಳ ಸಲ ಅದರ ಅಗತ್ಯವೇ ಇರಲ್ಲ.

ಕಂಪ್ಯೂಟರ್ ಒಳಗೆ ಹಾಡು ಇರೋದು ಬರೀ ಅಂಕಿಗಳ ರೂಪದಲ್ಲಿ. ಅದನ್ನ ಸ್ಪೀಕರ್‌ಗೆ ಬೇಕಾದ ವಿದ್ಯುತ್ ಸಿಗ್ನಲ್ ಆಗಿ ಬದಲಿಸೋದು ಮದರ್‌ಬೋರ್ಡ್ ಮೇಲಿರುವ ಒಂದು ಚಿಕ್ಕ ಚಿಪ್. ನಮ್ಮ ಕಡೆಯ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇದು ರಿಯಲ್‌ಟೆಕ್ ಕಂಪನಿಯದ್ದು. ಹಿಂದೆ ಇದಕ್ಕೆ ಬೇರೆ ಕಾರ್ಡ್ ಹಾಕಿಸಬೇಕಿತ್ತು. ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಕಾರ್ಡ್ ಬಂದಿದ್ದು 1989ರಲ್ಲಿ. ಆಮೇಲೆ ಇಂಟೆಲ್ 1997ರಲ್ಲಿ ಎಸಿ97, 2004ರಲ್ಲಿ ಎಚ್‌ಡಿ ಆಡಿಯೋ ಅನ್ನೋ ಮಾನದಂಡ ತಂದ ಮೇಲೆ ಸೌಂಡ್ ಬೋರ್ಡ್‌ನಲ್ಲೇ ಸೇರಿಕೊಂಡಿತು. ಈಗಿನ ಚಿಪ್‌ಗಳು ಕೆಟ್ಟವೇನಲ್ಲ. ಹಾಡು ಕೇಳೋಕೆ, ಸಿನಿಮಾ ನೋಡೋಕೆ ಧಾರಾಳವಾಗಿ ಸಾಕು. ಮುನ್ನೂರು ರೂಪಾಯಿ ಸ್ಪೀಕರ್ ಇಟ್ಕೊಂಡು ಕಾರ್ಡ್ ಹಾಕಿಸಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಬರೀ ಸೌಂಡ್ ಸಪ್ಪೆ ಅನ್ನೋದಾದ್ರೆ ದುಡ್ಡು ಮೊದಲು ಸ್ಪೀಕರ್‌ಗೆ ಹಾಕಿ.

ಸದ್ದೇ ಬರ್ತಿಲ್ಲ ಅಂದ್ರೆ ಎಚ್‌ಡಿಎಂಐ ಕೇಬಲ್ ನೆನಪಿಸಿಕೊಳ್ಳಿ. ಮಾನಿಟರ್‌ಗೆ ಆ ಕೇಬಲ್ ಹಾಕಿದ್ರೆ ವಿಂಡೋಸ್ ಕೆಲವೊಮ್ಮೆ ಸೌಂಡನ್ನೂ ಮಾನಿಟರ್‌ಗೇ ಕಳಿಸಿಬಿಡುತ್ತೆ. ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲದಿದ್ರೆ ಮೌನವೇ. ಕೆಳಗೆ ಮೂಲೆಯ ಸ್ಪೀಕರ್ ಗುರುತು ಒತ್ತಿ, ಔಟ್‌ಪುಟ್ ಬದಲಿಸಿದ್ರೆ ಮುಗೀತು. ಖರ್ಚು ಸೊನ್ನೆ.

ಇನ್ನು ಗುಂಯ್ ಅನ್ನೋ ಸದ್ದು. ಇದರಲ್ಲಿ ಎರಡು ಜಾತಿ ಇದೆ, ಕಿವಿಗೊಟ್ಟು ಕೇಳಿದ್ರೆ ಗೊತ್ತಾಗುತ್ತೆ. ಮೌಸ್ ಆಡಿಸಿದಾಗ, ಫೈಲ್ ಓಪನ್ ಮಾಡಿದಾಗ ಸದ್ದು ಬದಲಾಗ್ತಿದ್ರೆ ಅದು ಕ್ಯಾಬಿನೆಟ್ ಒಳಗಿನ ಗಲಾಟೆ. ಬೋರ್ಡ್ ಮೇಲಿನ ಬೇರೆ ಸರ್ಕ್ಯೂಟ್‌ಗಳ ವಿದ್ಯುತ್ ಸದ್ದು ಆಡಿಯೋ ದಾರಿಗೆ ನುಗ್ಗುತ್ತೆ. ಮುಂದಿನ ಜ್ಯಾಕ್‌ನಲ್ಲಿ ಇದು ಜಾಸ್ತಿ, ಯಾಕಂದ್ರೆ ಅದರ ತೆಳು ವೈರ್ ಇಡೀ ಬೋರ್ಡ್ ದಾಟಿ ಬರಬೇಕು. ಹಾಗಾಗಿ ಹಿಂದಿನ ಹಸಿರು ಜ್ಯಾಕ್‌ಗೆ ಹಾಕಿ ನೋಡಿ. ಎಷ್ಟೋ ಕಡೆ ಅಷ್ಟಕ್ಕೇ ಸರಿಹೋಗುತ್ತೆ.

ಏನೇ ಮಾಡಿದ್ರೂ ಒಂದೇ ಸಮನೆ ‘ಹೂಂ’ ಅಂತಿದ್ರೆ, ಅದರಲ್ಲೂ ಅಂಗಡಿಯ ಆಂಪ್ಲಿಫೈಯರ್‌ಗೆ ಕನೆಕ್ಷನ್ ಕೊಟ್ಟಾಗ ಮಾತ್ರ ಬರ್ತಿದ್ರೆ, ಅದು ಅರ್ಥಿಂಗ್ ಸಮಸ್ಯೆ. ಕಂಪ್ಯೂಟರ್ ಒಂದು ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್‌ನಲ್ಲಿ ಇದ್ರೆ ಹೀಗಾಗೋದು ಸಾಮಾನ್ಯ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿ. ಆಗಲೂ ಹೋಗಲಿಲ್ಲ ಅಂದ್ರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಅಂತ ಆಡಿಯೋ ವೈರ್ ಮಧ್ಯೆ ಹಾಕೋ ಚಿಕ್ಕ ಸಾಮಾನು ಸಿಗುತ್ತೆ. ಕೆಲವರು ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕಿ ‘ಸದ್ದು ಹೋಯ್ತು’ ಅಂತಾರೆ. ದಯವಿಟ್ಟು ಈ ಕೆಲಸ ಮಾಡಬೇಡಿ. ಕ್ಯಾಬಿನೆಟ್ ಮುಟ್ಟಿದವರಿಗೆ ಶಾಕ್ ಹೊಡೆದು ಜೀವಕ್ಕೇ ಕುತ್ತು ಬರಬಹುದು.

ಒಳಗಿನ ಗಲಾಟೆಗೆ, ಅಥವಾ ನಿಜವಾಗ್ಲೂ ಬೋರ್ಡ್‌ನ ಆಡಿಯೋ ಚಿಪ್ ಸತ್ತಿದ್ರೆ, ಯುಎಸ್‌ಬಿ ಸೌಂಡ್ ಕಾರ್ಡ್ ಸುಲಭ ದಾರಿ. ಪೆನ್‌ಡ್ರೈವ್ ಥರ ಚುಚ್ಚಿದ್ರೆ ಆಯ್ತು. ಸಾಮಾನ್ಯವಾಗಿ ಡ್ರೈವರ್ ಹಾಕೋದೂ ಬೇಡ. ಅಂಕಿ ಸದ್ದಾಗೋ ಕೆಲಸ ಕ್ಯಾಬಿನೆಟ್ ಹೊರಗೆ ನಡೆಯೋದ್ರಿಂದ ಒಳಗಿನ ಕಿರಿಕಿರಿ ಕಮ್ಮಿ. ಕೆಲವು ನೂರು ರೂಪಾಯಿಗೂ ಸಿಗುತ್ತೆ. ಪ್ಯಾಕೆಟ್ ಮೇಲೆ ‘7.1’ ಅಂತ ದೊಡ್ಡದಾಗಿ ಬರೆದಿದ್ರೂ ಜ್ಯಾಕ್ ಎರಡೇ ಇದ್ರೆ ಆ ಮಾತಿಗೆ ಬೆಲೆ ಕೊಡಬೇಡಿ. ಅರ್ಥಿಂಗ್ ಹೂಂಕಾರಕ್ಕೆ ಮಾತ್ರ ಇದು ಮದ್ದಲ್ಲ, ಯುಎಸ್‌ಬಿ ವೈರ್‌ನಲ್ಲೂ ಅದೇ ಗ್ರೌಂಡ್ ಹರಿಯುತ್ತೆ. ಒಳಗೆ ಕೂರಿಸೋ ಕಾರ್ಡ್ ಬೇಕಂದ್ರೆ ಸ್ಲಾಟ್ ನೋಡಿ. ಹಳೇ ಪಿಸಿಐ ಕಾರ್ಡ್ ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಕೂರಲ್ಲ.

ರೆಕಾರ್ಡಿಂಗ್ ಮಾಡುವವರ ಕಥೆ ಬೇರೆ. ಸಭೆಯಲ್ಲಿ ಬಳಸೋ ಮೈಕನ್ನ ಪಿನ್ ಬದಲಿಸಿ ಗುಲಾಬಿ ಜ್ಯಾಕ್‌ಗೆ ಹಾಕ್ತಾರೆ. ಆ ಮೈಕ್‌ನ ಸಿಗ್ನಲ್ ತೀರಾ ಸಣ್ಣದು, ಸೆಟ್ಟಿಂಗ್ಸ್‌ನಲ್ಲಿ ಮೈಕ್ ಬೂಸ್ಟ್ ಏರಿಸಿದಷ್ಟೂ ಸುಯ್ ಅನ್ನೋದೂ ಏರುತ್ತೆ. ಮಿಕ್ಸರ್ ಇದ್ರೆ ಅದರ ಔಟ್‌ಪುಟ್ಟನ್ನ ಹಿಂದಿನ ನೀಲಿ ಜ್ಯಾಕ್‌ಗೆ ಕೊಡಿ, ಅದು ಲೈನ್ ಇನ್. ಇಲ್ಲದಿದ್ರೆ ಯುಎಸ್‌ಬಿ ಮೈಕ್ ಅಥವಾ ಆಡಿಯೋ ಇಂಟರ್‌ಫೇಸ್ ತಗೊಳ್ಳಿ. ದಿನಾ ಪ್ರಚಾರದ ಧ್ವನಿ ಮಾಡಿ ದುಡಿಯುವವರಿಗೆ ಆ ಖರ್ಚು ದಂಡ ಅಲ್ಲ. ತಗೊಳ್ಳುವಾಗ ಅಂಗಡಿಯಲ್ಲೇ ಹಾಕಿಸಿ, ನಿಮ್ಮದೇ ಇಯರ್‌ಫೋನ್‌ನಲ್ಲಿ ಕೇಳಿ, ಬಿಲ್ ಇಸ್ಕೊಳ್ಳಿ.