ಇಲಿಶ್ ಗೆದ್ದಿತೋ, ಸಿಗಡಿ ಗೆದ್ದಿತೋ?

ಒಬ್ಬ ಆಟಗಾರನನ್ನು ತಂಡದಿಂದ ಕೈಬಿಟ್ಟದ್ದಕ್ಕೆ ಒಂದು ಕ್ಲಬ್ಬೇ ಹುಟ್ಟಿಕೊಂಡಿತು. 1920ರ ಜುಲೈ ತಿಂಗಳು. ಕಲ್ಕತ್ತದ ಜೋರಾಬಗಾನ್ ಫುಟ್‌ಬಾಲ್ ತಂಡ ಮೋಹನ್ ಬಗಾನ್ ವಿರುದ್ಧದ ಪಂದ್ಯದಿಂದ ಪೂರ್ವ ಬಂಗಾಳದ ಶೈಲೇಶ್ ಬೋಸ್ ಅವರನ್ನು ಹೊರಗಿಟ್ಟಿತು. ಅದೇ ಸೀಮೆಯವರಾಗಿದ್ದ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಸಿಟ್ಟಿಗೆದ್ದು ಹೊರನಡೆದರು. ಆಗಸ್ಟ್ 1ರಂದು ಈಸ್ಟ್ ಬೆಂಗಾಲ್ ಕ್ಲಬ್ ಸ್ಥಾಪನೆಯಾಯಿತು.

ಮೋಹನ್ ಬಗಾನ್ ಅಷ್ಟರಲ್ಲಾಗಲೇ ದೊಡ್ಡ ಹೆಸರು. 1889ರಲ್ಲಿ ಶುರುವಾದ ಈ ಕ್ಲಬ್ 1911ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಷೈರ್ ತಂಡವನ್ನು 2–1ರಿಂದ ಸೋಲಿಸಿತ್ತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿದ್ದರು. 1925ರಲ್ಲಿ ಲೀಗ್ ಪಂದ್ಯದಲ್ಲಿ ಇಬ್ಬರೂ ಮೊದಲ ಸಲ ಎದುರಾದಾಗ, ಗೆದ್ದದ್ದು ಮಾತ್ರ ಹೊಸಬರಾದ ಈಸ್ಟ್ ಬೆಂಗಾಲ್, 1–0.

ಈ ಪೈಪೋಟಿಗೆ ನಿಜವಾದ ಕಾವು ಕೊಟ್ಟದ್ದು ದೇಶವಿಭಜನೆ. ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ಜನ ಬಿಜೋಯ್‌ಗಢದಂಥ ನಿರಾಶ್ರಿತರ ಕಾಲೊನಿಗಳಲ್ಲಿ ಬದುಕು ಕಟ್ಟಿಕೊಳ್ಳುವಾಗ, ಕಳೆದುಹೋದ ಊರಿನ ಹೆಸರು ಉಳಿದದ್ದು ಈಸ್ಟ್ ಬೆಂಗಾಲ್‌ನ ಕೆಂಪು–ಹಳದಿ ಜೆರ್ಸಿಯಲ್ಲಿ. ಹಾಗಾಗಿಯೇ ನನ್ನ ಮಟ್ಟಿಗೆ ಇದು ಆಟಕ್ಕಿಂತ ದೊಡ್ಡದು. ಪೂರ್ವದಿಂದ ಬಂದವರು 'ಬಾಂಗಾಲ್', ಈ ಕಡೆಯವರು 'ಘೋಟಿ'. ಈಸ್ಟ್ ಬೆಂಗಾಲ್ ಗೆದ್ದರೆ ಅವರ ಮನೆಗಳಲ್ಲಿ ಇಲಿಶ್ ಮೀನಿನ ಊಟ. ಹಸಿರು–ಮರೂನ್ ಬಣ್ಣದ ಮೋಹನ್ ಬಗಾನ್ ಗೆದ್ದರೆ ಇವರಲ್ಲಿ ದೊಡ್ಡ ಸಿಗಡಿ. ಢಾಕಾವನ್ನು ಕಣ್ಣಲ್ಲೂ ಕಾಣದ ಮೊಮ್ಮಕ್ಕಳು ಈಗಲೂ ಅಜ್ಜನ ಪಕ್ಷವನ್ನೇ ಹಿಡಿಯುತ್ತಾರೆ.

1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸೇರಿದ್ದವರು 1,31,781 ಮಂದಿ. ಮೋಹನ್ ಬಗಾನ್ ಕೋಚ್ ಅಮಲ್ ದತ್ತ ಅವರ 'ಡೈಮಂಡ್' ವ್ಯೂಹದ ಬಗ್ಗೆ ಊರೆಲ್ಲ ಮಾತು. ಎದುರಿಗೆ ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ಈಸ್ಟ್ ಬೆಂಗಾಲ್‌ನ ಭೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಆ ವ್ಯೂಹವನ್ನು ಒಡೆದರು, ಫಲಿತಾಂಶ 4–1. ನಾಲ್ಕು ವರ್ಷಗಳ ನಂತರ ಇದೇ ಈಸ್ಟ್ ಬೆಂಗಾಲ್ ನ್ಯಾಷನಲ್ ಲೀಗ್ ಗೆದ್ದಾಗ ನಾಯಕರಾಗಿದ್ದವರು ನಮ್ಮ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್.

ಈ ಅಭಿಮಾನ ಜೀವಗಳನ್ನೂ ತೆಗೆದಿದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೆರಡರ ಪಂದ್ಯದ ವೇಳೆ ಗಲಾಟೆ, ನೂಕುನುಗ್ಗಲಿಗೆ ಸಿಕ್ಕಿ 16 ಅಭಿಮಾನಿಗಳು ಸತ್ತರು. ಅವರ ನೆನಪಿಗೆ ಪ್ರತಿವರ್ಷ ಆ ದಿನ ರಕ್ತದಾನ ಶಿಬಿರ ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಕಂಡದ್ದು ಬೇರೆಯೇ ದೃಶ್ಯ. ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯ ವಿರುದ್ಧ ನಗರ ಕುದಿಯುತ್ತಿದ್ದಾಗ ಡ್ಯುರಾಂಡ್ ಕಪ್‌ನ ಡರ್ಬಿ, ಅಂದರೆ ಈ ಎರಡು ಕ್ಲಬ್ಬುಗಳ ಪಂದ್ಯ, ರದ್ದಾಯಿತು. ಎರಡೂ ಕ್ಲಬ್ಬಿನ ಅಭಿಮಾನಿಗಳು ತಮ್ಮ ತಮ್ಮ ಜೆರ್ಸಿಯಲ್ಲೇ ಕ್ರೀಡಾಂಗಣದ ಹೊರಗೆ ಹೆಗಲಿಗೆ ಹೆಗಲು ಕೊಟ್ಟು ನಿಂತು ನ್ಯಾಯ ಕೇಳಿದರು, ಪೊಲೀಸರ ಲಾಠಿ ಏಟನ್ನೂ ತಿಂದರು.

ಕೋಲ್ಕತ್ತಕ್ಕೆ ಹೋಗುವವರು ಡರ್ಬಿಯ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸಿ. ಯಾವ ಗ್ಯಾಲರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಅಲ್ಲಿ ನಡುವೆ ಕೂರುವ ಜಾಗವಿಲ್ಲ.